ಷೋಕೇಸಿನಲ್ಲಿ ಮೂರ್ತಿರಾಯರು, ಮೊಬೈಲಿನಲ್ಲಿ ಗಣೇಶನ ಮದುವೆ

ನಿಮ್ಮ ಮನೆ ಹಾಲ್‌ನಲ್ಲಿ ಟಿವಿ ಪಕ್ಕಕ್ಕೆ ಒಂದು ಗಾಜಿನ ಷೋಕೇಸ್ ಇದೆ ತಾನೇ? ಇದ್ದೇ ಇರುತ್ತೆ ಬಿಡಿ, ಜಯನಗರದ ಮನೆ ಅಂದಮೇಲೆ. ಕೆಳಗಡೆ ಚನ್ನಪಟ್ಟಣದ ಬೊಂಬೆ, ನಡುವೆ ಮಗಳ ಭರತನಾಟ್ಯದ ಶೀಲ್ಡು, ಮೇಲುಗಡೆ ಪುಸ್ತಕ. ಆ ಮೇಲುಗಡೆಯದರ ಬಗ್ಗೆ ಒಂಚೂರು ಮಾತಾಡೋದಿದೆ. (ರೂಮಿನ ಬಾಗಿಲು ಮುಂದೆ ಮಾಡ್ಕೊಂಡು ಬನ್ನಿ, ಮನೆಯವರ ಕಿವಿಗೆ ಬಿದ್ರೆ ಕಷ್ಟ.)

ಅಲ್ಲಿ ಕಗ್ಗ ಇದೆ, ಅದು ಗೃಹಪ್ರವೇಶಕ್ಕೆ ಬಂದಿದ್ದು. ಇನ್ನೊಂದು ಕಗ್ಗ ಇದೆ, ಅದೂ ಗೃಹಪ್ರವೇಶಕ್ಕೇ ಬಂದಿದ್ದು. ಪಕ್ಕದಲ್ಲಿ ಗೊರೂರರ 'ಹಳ್ಳಿಯ ಚಿತ್ರಗಳು', ಅದಕ್ಕೆ ಒರಗಿಕೊಂಡು ಎ.ಎನ್. ಮೂರ್ತಿರಾಯರ 'ಹಗಲುಗನಸುಗಳು'. ಗಾಂಧಿ ಬಜಾರಿನ ಅಂಕಿತದಲ್ಲಿ ನೀವೇ ಕೈಯಾರೆ ಆರಿಸಿ ತಂದಿದ್ದು. ಬಿಲ್ಲು ಇನ್ನೂ ಪುಸ್ತಕದೊಳಗೇ ಇದೆ. ಎಷ್ಟನೇ ಪುಟದಲ್ಲಿದೆ ಅಂತ ನಾನು ಹೇಳ್ಬೇಕಾ, ನೀವೇ ಹೇಳ್ತೀರಾ?

"ಅಯ್ಯೋ, ಮೂರ್ತಿರಾಯರನ್ನ ಓದದೇ ಇರ್ತೀವಾ!" ಅಂತೀರಿ. ಗೊತ್ತು, ಓದಿದೀರಿ. ಕನ್ನಡ ಟೆಕ್ಸ್ಟ್‌ಬುಕ್ಕಲ್ಲಿ, ಹತ್ತು ಮಾರ್ಕಿಗೆ. 'ಲೇಖಕರ ಹಾಸ್ಯಪ್ರವೃತ್ತಿಯನ್ನು ವಿವರಿಸಿ' ಅನ್ನೋ ಪ್ರಶ್ನೆಗೆ ಒಂದಿಷ್ಟೂ ನಗದೆ ಉತ್ತರ ಬರೆದವರು ನೀವು. ಅವತ್ತು ಗೈಡು ನೋಡಿ ಗಟ್ಟು ಹೊಡೆದಿದ್ದನ್ನೇ ಇವತ್ತಿಗೂ 'ನನ್ನ ಫೇವರಿಟ್ ಪ್ರಬಂಧಕಾರರು' ಅಂತ ಚಲಾಯಿಸ್ತಿದೀರಿ.

ಪಾಪ, ಮೂರ್ತಿರಾಯರು ಎಷ್ಟು ಟೈಮ್ ಕೊಟ್ಟಿದ್ರು ನಿಮಗೆ! 1900ರಲ್ಲಿ ಹುಟ್ಟಿ 2003ರವರೆಗೆ ಇದ್ದರು. 'ಹಗಲುಗನಸುಗಳು' ಬಂದಿದ್ದು 1937ರಲ್ಲಿ, 'ದೇವರು' ಬಂದಿದ್ದು 1991ರಲ್ಲಿ. ತೊಂಬತ್ತು ದಾಟಿದ ಅಜ್ಜ ಕೂತು ದೇವರು ಇದ್ದಾನೋ ಇಲ್ಲವೋ ಅಂತ ಪುಸ್ತಕಗಟ್ಟಲೆ ವಾದ ಮಾಡಿದರು, ನಿಮಗೆ ರಿಟೈರ್ಮೆಂಟಿಗೆ ಮುಂಚೆಯೇ ಕಣ್ಣು ಎಳೀತಿದೆ. (ರೀಲ್ಸ್ ನೋಡುವಾಗ ಎಳೆಯಲ್ಲ. ನಾನು ನೋಡಿದೀನಿ.)

ಇನ್ನು ನಮ್ಮ ಏರಿಯಾ ಜಂಬ. ಬನಶಂಕರಿ, ಬಸವನಗುಡಿ, ಜಯನಗರದ ಜನಕ್ಕೆ ಸಾಹಿತ್ಯ ಅನ್ನೋದು ಸೈಟಿನ ಜೊತೆ ಬಂದ ಪಿತ್ರಾರ್ಜಿತ ಆಸ್ತಿ. "ಡಿವಿಜಿಯವರ ಗೋಖಲೆ ಇನ್‌ಸ್ಟಿಟ್ಯೂಟ್ ನಮ್ಮನೆಯಿಂದ ವಾಕಬಲ್ಲು" ಅಂತೀರಿ. ಸರಿ, 1945ರಲ್ಲಿ ಶುರುವಾಗಿದ್ದು, ಹತ್ತಿರದಲ್ಲೇ ಇದೆ. ಎಷ್ಟು ಸಲ ವಾಕ್ ಮಾಡಿಕೊಂಡು ಒಳಗೆ ಹೋಗಿದೀರಿ? ಎದುರುಗಡೆ ಗಾಡಿ ಪಾರ್ಕ್ ಮಾಡಿದ್ದು ಲೆಕ್ಕಕ್ಕಿಲ್ಲ.

ಮಾಸ್ತಿಯವರದು ಇನ್ನೂ ಮಜಾ. ಗವಿಪುರದ ಮನೆಯಿಂದ ಕೊಡೆ ಹಿಡಿದು ಬಸವನಗುಡಿ ಕ್ಲಬ್ಬಿಗೆ ನಡ್ಕೊಂಡು ಹೋಗ್ತಿದ್ದರು, ಇಸ್ಪೀಟಾಡ್ತಿದ್ದರು ಅನ್ನೋದು ಊರಿಗೇ ಗೊತ್ತಿರೋ ವಿಷಯ. ಆದರೆ ಸೌತ್ ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ "ನಮ್ ತಾತ ಮಾಸ್ತಿಯವರ ಜೊತೆ ಎಲೆ ಹಾಕ್ತಿದ್ರು" ಅಂತಾರೆ. ಅಷ್ಟೂ ತಾತಂದಿರು ನಿಜವಾಗಿ ಬಂದಿದ್ದರೆ ಕ್ಲಬ್ಬಲ್ಲಿ ಜಾಗ ಸಾಲದೆ ನ್ಯಾಷನಲ್ ಕಾಲೇಜ್ ಗ್ರೌಂಡಲ್ಲಿ ಶಾಮಿಯಾನ ಹಾಕಬೇಕಾಗ್ತಿತ್ತು.

'ಚಿಕವೀರ ರಾಜೇಂದ್ರ'ಕ್ಕೆ 1983ರ ಜ್ಞಾನಪೀಠ ಬಂತಲ್ಲ, ಅದನ್ನ ಓದಿದೀರಾ ಅಂದರೆ ಮಾತ್ರ ತಕ್ಷಣ ಆ ತಾತ ಇನ್ನೊಂದು ಸಲ ಹೊರಗೆ ಬರ್ತಾರೆ. "ಓದೋದೇನು ಸಾರ್, ನಮ್ ತಾತ ಅವರ ಬಾಯಲ್ಲೇ ಕೇಳಿದ್ರು."

'ಕೊರವಂಜಿ' ಕಥೆಯೂ ಇಷ್ಟೇ. ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ, 1942ರಿಂದ 1967ರವರೆಗೆ ಒಂದು ನಗೆಪತ್ರಿಕೆ ನಡೆಸಿದರು. ನಾ. ಕಸ್ತೂರಿ ಬರೀತಿದ್ದರು, ಆರ್.ಕೆ. ಲಕ್ಷ್ಮಣ್ ಇನ್ನೂ ಎಳೇ ವಯಸ್ಸಲ್ಲಿ ಅದಕ್ಕೆ ಚಿತ್ರ ಹಾಕ್ತಿದ್ದರು. "ನಮ್ಮನೇಲಿ ಅಷ್ಟೂ ಸಂಚಿಕೆ ಬೈಂಡ್ ಮಾಡ್ಸಿ ಇಟ್ಟಿದ್ವಿ, ಮನೆ ಶಿಫ್ಟ್ ಮಾಡುವಾಗ ಹಳೇ ಪೇಪರ್‌ನವನಿಗೆ ಹೋಗ್ಬಿಡ್ತು" ಅಂತೀರಲ್ಲ, ಆ ಹಳೇ ಪೇಪರ್‌ನವನು ಯಾರು ಅಂತ ಒಂದು ಸಲ ನೋಡಬೇಕು ಕಣ್ರೀ. ಇಡೀ ಜಯನಗರದ 'ಕೊರವಂಜಿ' ಅವನೊಬ್ಬನ ಹತ್ತಿರವೇ ಇದೆ.

ಸರಿ, ಪುಸ್ತಕ ಸಾಕು. ಸಿನಿಮಾಕ್ಕೆ ಬರೋಣ. ಮುಖ ಯಾಕೆ ಸಣ್ಣಗಾಯ್ತು?

'ಸಂಸ್ಕಾರ' ನೋಡಿದೀರಾ? "ಓಹ್, ಮಾಸ್ಟರ್‌ಪೀಸು." ನೋಡಿದೀರಾ ಅಂತ ಕೇಳಿದ್ದು. "ಪಟ್ಟಾಭಿರಾಮ ರೆಡ್ಡಿ, 1970, ಅನಂತಮೂರ್ತಿಯವರ ಕಾದಂಬರಿ, ಫಸ್ಟು ಸೆನ್ಸಾರ್‌ನವರು ಬ್ಯಾನ್ ಮಾಡಿದ್ರು, ಆಮೇಲೆ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು, ಕನ್ನಡಕ್ಕೆ ಫಸ್ಟ್ ಟೈಮು." ಭಲೇ. ನಾರಣಪ್ಪನ ಪಾರ್ಟು ಮಾಡಿದ್ದು ಯಾರು? ಈಗ ಮೊಬೈಲ್ ತೆಗೀಬೇಡಿ. (ಲಂಕೇಶ್. ಕ್ಯಾಮೆರಾ ಹಿಡಿದಿದ್ದು ಆಸ್ಟ್ರೇಲಿಯಾದ ಟಾಮ್ ಕೋವನ್. ಇದನ್ನ ಮುಂದಿನ ಪಾರ್ಟಿಯಲ್ಲಿ ಧಾರಾಳವಾಗಿ ಬಳಸ್ಕೊಳ್ಳಿ, ನನ್ನ ಹೆಸರು ಹೇಳಬೇಕಾಗಿಲ್ಲ.)

ನಿಜ ಹೇಳಿ, ನೀವು ಆರ್ಟ್ ಫಿಲಂ ನೋಡಿದ್ದು ಎಲ್ಲಿ? ದೂರದರ್ಶನದಲ್ಲಿ. ಭಾನುವಾರ ಮಧ್ಯಾಹ್ನ ಒಂದೂವರೆಗೆ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಸಿನಿಮಾ ಹಾಕ್ತಿದ್ದರಲ್ಲ, ಆವಾಗ. ಹೊಟ್ಟೆಯಲ್ಲಿ ಹುಳಿ, ಹಪ್ಪಳ, ಭಾನುವಾರ ಅಂತ ಒಂದು ಸೌಟು ಪಾಯಸ. ತಲೆ ಕೆಳಗೊಂದು ದಿಂಬು. ಟೈಟಲ್ ಕಾರ್ಡ್ ಬರುವಾಗ ಎಚ್ಚರ ಇದ್ರಿ, 'ಸಮಾಪ್ತಿ' ಬರುವಾಗ ಎಚ್ಚರ ಆಯ್ತು. ನಡುವೆ ಏನೋ ಮಳೆ ಬರ್ತಿತ್ತು, ಒಬ್ಬರು ಕಂಬಕ್ಕೆ ಒರಗಿ ಕೂತಿದ್ದರು.

ಆ ಮಳೆ, ಆ ಕಂಬ, ಇಷ್ಟರ ಮೇಲೇ ನೀವು ಇವತ್ತಿನವರೆಗೂ ಅಭಿಪ್ರಾಯ ಕೊಡ್ತಾ ಬಂದಿದೀರಿ. ಶಹಬ್ಬಾಸ್ ಅನ್ಬೇಕು.

'ಘಟಶ್ರಾದ್ಧ' ತಗೊಳ್ಳಿ. ಮಣಿಪಾಲದಲ್ಲಿ ಫಾರ್ಮಸಿ ಓದಿದ ಹುಡುಗ ಅದನ್ನ ಬಿಟ್ಟು ಪುಣೆಗೆ ಹೋಗಿ ಸಿನಿಮಾ ಕಲಿತು, ಮೂವತ್ತು ತುಂಬೋಕೆ ಮುಂಚೆ, 1977ರಲ್ಲಿ, ಮಾಡಿದ ಮೊದಲ ಚಿತ್ರ. ಗಿರೀಶ್ ಕಾಸರವಳ್ಳಿ. ಅದಕ್ಕೇ ಸ್ವರ್ಣಕಮಲ. ಆಮೇಲೆ 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ', ಹೀಗೆ ಒಟ್ಟು 4 ಸಲ ಅದೇ ಪ್ರಶಸ್ತಿ. ಅಗ್ರಹಾರದಲ್ಲಿ ವೇದ ಕಲಿಯೋಕೆ ಬಂದ ಒಬ್ಬ ಪುಟ್ಟ ಹುಡುಗನ ಕಣ್ಣಲ್ಲಿ ಇಡೀ ಕಥೆ ನಡೆಯುತ್ತೆ. ಯಮುನಕ್ಕನಿಗೆ ಏನಾಗ್ತಿದೆ ಅಂತ ಆ ಹುಡುಗನಿಗೆ ಪೂರ್ತಿ ಗೊತ್ತಾಗಲ್ಲ, ನಮಗೆ ಗೊತ್ತಾಗಿಬಿಡುತ್ತೆ. ಹೊಟ್ಟೆಯಲ್ಲಿ ಸಂಕಟ ಶುರುವಾಗೋದು ಅಲ್ಲೇ.

2024ರಲ್ಲಿ ಆ ಹಳೇ ಸಿನಿಮಾವನ್ನ ಸರಿಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು, ಸ್ಕಾರ್ಸೆಸಿಯ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಆ ಕೆಲಸಕ್ಕೆ ಕೈಜೋಡಿಸಿತ್ತು. ಅವತ್ತು ನಿಮ್ಮ ಸ್ಟೇಟಸ್ ನೋಡಿದೆ: 'ಪ್ರೌಡ್ ಮೊಮೆಂಟ್ ಫಾರ್ ಕನ್ನಡ', ಜೊತೆಗೆ ಹಳದಿ ಕೆಂಪು ಹಾರ್ಟು. ಮಾರ್ಟಿನ್ ಸ್ಕಾರ್ಸೆಸಿ ಜೋಪಾನ ಮಾಡಿದ ಸಿನಿಮಾವನ್ನ ಬನಶಂಕರಿಯಲ್ಲಿರೋ ನೀವು ಕೊನೇ ರೀಲಿನವರೆಗೆ ನೋಡಿದೀರಾ ಅಂತ ಕೇಳೋ ಧೈರ್ಯ ನನಗಾಗಲಿಲ್ಲ, ನಾನೂ ಒಂದು ಹಾರ್ಟ್ ಒತ್ತಿ ಸುಮ್ಮನಾದೆ.

ಬಿಟಿಎಂ ಲೇಔಟಿನ ಪಿಜಿಯಲ್ಲಿರೋ ತಮ್ಮಂದಿರೇ, ನಗಬೇಡಿ, ನಿಮ್ಮ ಹತ್ತಿರವೂ ಬರ್ತೀನಿ. ನೀವು ಲೆಟರ್‌ಬಾಕ್ಸ್‌ಡ್ ಆ್ಯಪಿನಲ್ಲಿ 'ದ್ವೀಪ'ಕ್ಕೆ ನಾಲ್ಕೂವರೆ ಸ್ಟಾರ್ ಕೊಟ್ಟಿದೀರಿ, ಸಂತೋಷ. ಆದರೆ ಅದನ್ನ ನೋಡಿದ್ದು ಒಂದೂವರೆ ಪಟ್ಟು ಸ್ಪೀಡಲ್ಲಿ. ಅಣೆಕಟ್ಟಿನ ನೀರು ನಿಧಾನಕ್ಕೆ ಏರಿ ಏರಿ ಊರು ನುಂಗೋದೇ ಆ ಕಥೆ ಕಣ್ರಪ್ಪಾ! ನಿಮ್ಮ ಸ್ಪೀಡಿಗೆ ಸೌಂದರ್ಯಾ ಸೆರಗು ಎತ್ತಿ ಕಟ್ಟೋಕೆ ಮುಂಚೆಯೇ ಮನೆ ಮುಳುಗಿಹೋಯ್ತು.

ಸೌಂದರ್ಯಾ ಅಂದಾಗ ಒಂದು ಮಾತು. ನಾ. ಡಿಸೋಜ ಅವರ ಆ ಕಥೆಗೆ ಆಕೆ ಬರೀ ಹೀರೋಯಿನ್ ಅಲ್ಲ, ಪ್ರೊಡ್ಯೂಸರ್ ಕೂಡ. ದಕ್ಷಿಣದ ದೊಡ್ಡ ದೊಡ್ಡ ಹೀರೋಗಳ ಜೊತೆ ಕುಣಿದು ಸಂಪಾದಿಸಿದ ನಟಿ ದುಡ್ಡು ಹಾಕಿದ್ದು ಹಾಡಿಲ್ಲದ, ಫೈಟಿಲ್ಲದ, ಮಳೆ ಮಾತ್ರ ಇರೋ ಸಿನಿಮಾಕ್ಕೆ. ನೀವೋ, ಆಕೆ ಅಂದ ತಕ್ಷಣ 'ಆಪ್ತಮಿತ್ರ'ದ ನಾಗವಲ್ಲಿ ಅಂತೀರಿ. ತಪ್ಪೇನಿಲ್ಲ, ನನಗೂ ಮೊದಲು ನೆನಪಾಗೋದು ಆ ಕಣ್ಣೇ. ಆದರೆ ಅದನ್ನ ಸುಚಿತ್ರಾದ ಕಾಂಪೌಂಡ್ ಒಳಗೆ ಮಾತ್ರ ಹೇಳಲ್ಲ ನೀವು.

ಸುಚಿತ್ರಾ! ಬನಶಂಕರಿ ಸೆಕೆಂಡ್ ಸ್ಟೇಜಿನ ನಮ್ಮ ಹೆಮ್ಮೆ. 1971ರಲ್ಲಿ ಶುರುವಾದ ಫಿಲಂ ಸೊಸೈಟಿ. ಇಂಟರ್ನೆಟ್ಟು, ಓಟಿಟಿ ಯಾವುದೂ ಇಲ್ಲದ ಕಾಲದಲ್ಲಿ ಕುರೊಸಾವಾ, ಬರ್ಗ್‌ಮನ್ ಎಲ್ಲ ಈ ಊರಿನ ಜನಕ್ಕೆ ಸಿಕ್ಕಿದ್ದು ಇಂಥ ಕಡೆಯೇ. ಪ್ರಿಂಟು ಡಬ್ಬಿಯಲ್ಲಿ ಬರಬೇಕು, ಪ್ರೊಜೆಕ್ಟರ್ ಕೈ ಕೊಡಬಾರದು, ಕರೆಂಟ್ ಇರಬೇಕು, ಮೆಂಬರುಗಳು ಬರಬೇಕು. ಬರ್ತಿದ್ದರು ರೀ. ಬ್ಯಾಂಕು, ಎಚ್‌ಎಎಲ್ಲು, ಎಲ್‌ಐಸಿಯಲ್ಲಿ ಕೆಲಸ ಮುಗಿಸ್ಕೊಂಡು, ಟಿಫನ್ ಬಾಕ್ಸ್ ಸಮೇತ ಬರ್ತಿದ್ದರು. ಆ ತಲೆಮಾರಿನ ಬಗ್ಗೆ ನಾನು ತಮಾಷೆ ಮಾಡಲ್ಲ.

ತಮಾಷೆ ಏನಿದ್ದರೂ ನಿಮ್ಮದೇ. ಸಿನಿಮಾ ಮುಗಿದ ಮೇಲೆ ಸಂವಾದ ಇರುತ್ತಲ್ಲ, ಆವಾಗ ಮೂರನೇ ಸಾಲಿಂದ ಒಂದು ಕೈ ಮೇಲೇಳುತ್ತೆ. ಮೈಕ್ ಕೈಗೆ ಬಂದ ಕೂಡಲೇ "ನನ್ನದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಶುರುವಾಗುತ್ತೆ. ಅನಿಸಿಕೆ ತಾರ್ಕೋವ್‌ಸ್ಕಿಯಿಂದ ಹೊರಟು, ಅಡಿಗರ ಕಾವ್ಯ ಮುಟ್ಟಿಕೊಂಡು, ಬಿಡಿಎ ಸೈಟ್ ಹಂಚಿಕೆಗೆ ಬಂದು ನಿಲ್ಲುತ್ತೆ. ಡೈರೆಕ್ಟರು ಪಾಪ ತಲೆ ಆಡಿಸ್ತಿರ್ತಾರೆ. ಆ ಮಹನೀಯರು ನೀವಲ್ಲ ಅಂತ ಪ್ರಮಾಣ ಮಾಡಿ ನೋಡೋಣ.

ಇಂಥ ಕಡೆ ಬಳಸೋ ಡಿಕ್ಷನರಿಯೂ ಬೇರೆ. ಬೋರ್ ಹೊಡೀತು ಅನ್ನೋ ಹಾಗಿಲ್ಲ, 'ಮೆಡಿಟೇಟಿವ್' ಅನ್ಬೇಕು. ಅರ್ಥ ಆಗಲಿಲ್ಲ ಅಂದರೆ 'ಲೇಯರ್ಡ್'. ಅರ್ಧಕ್ಕೇ ಎದ್ದು ಬಂದರೆ 'ಡಿಸ್ಟರ್ಬಿಂಗ್'. ಲೈಟು ಸಾಲದೆ ಏನೂ ಕಾಣಲಿಲ್ಲವೋ, 'ನ್ಯಾಚುರಲ್ ಲೈಟಿಂಗ್ ಅದ್ಭುತ'. 2006ರಲ್ಲಿ ಶುರುವಾದ ಬೆಂಗಳೂರು ಚಿತ್ರೋತ್ಸವದ ಕ್ಯೂನಲ್ಲಿ ಕೊರಳಿಗೆ ಪಾಸ್ ಹಾಕ್ಕೊಂಡು ಈ ನಾಲ್ಕು ಪದ ಹಿಡಿದು ನೀವು ವಾರಗಟ್ಟಲೆ ಸಂಸಾರ ಮಾಡಿದ್ದನ್ನ ನೋಡಿದ ಮೇಲೆ ನನಗೆ ನಿಮ್ಮ ಮೇಲೆ ಗೌರವ ಜಾಸ್ತಿಯಾಗಿದೆ.

ಆದರೆ ಒಂದು ಸಿನಿಮಾ ಮಾತ್ರ ನೀವು ನಿಜವಾಗಿ ನೋಡಿದೀರಿ. 'ತಬರನ ಕಥೆ'. ತೇಜಸ್ವಿಯವರ ಕಥೆ, ಪೆನ್ಷನ್‌ಗೋಸ್ಕರ ಆಫೀಸಿಂದ ಆಫೀಸಿಗೆ ಅಲೆಯೋ ತಬರನಾಗಿ ಚಾರುಹಾಸನ್. ನೋಡಿದೀರಿ ಅಂತ ಹೇಗೆ ಗೊತ್ತು ಅಂದ್ರಾ? ಖಾತಾ ಮಾಡಿಸೋಕೆ ಹೋಗಿ ನಾಲ್ಕನೇ ಸಲ "ನಾಳೆ ಬನ್ನಿ" ಅನ್ನಿಸ್ಕೊಂಡು ಬಂದಾಗ "ನಾನು ತಬರ ಆಗ್ಬಿಟ್ಟಿದೀನಿ ಕಣೇ" ಅಂತ ಹೆಂಡತಿ ಹತ್ತಿರ ಹೇಳಿದ್ರಲ್ಲ. ಆವಾಗ ಲೇಯರ್ಡು, ಮೆಡಿಟೇಟಿವ್ ಯಾವುದೂ ಬಾಯಿಗೆ ಬರಲಿಲ್ಲ ನೋಡಿ.

ಇಲ್ಲಿಂದ ಜೆ.ಪಿ. ನಗರಕ್ಕೆ ಹೋಗೋಣ. ಆಟೋದಲ್ಲೇ ಹೋಗೋಣ, ಕಾರಣ ಇದೆ. ಹಿಂದಿನ ಗ್ಲಾಸಲ್ಲಿ ಯಾರ ಸ್ಟಿಕ್ಕರ್ ಅಂಟಿಸಿದಾರೆ ನೋಡಿ. ಗಡ್ಡ, ನಗು, ಶಂಕರ್ ನಾಗ್. ನವೆಂಬರ್ ಒಂದು ಬಂತಂದರೆ ಬಿಟಿಎಂನಿಂದ ಬನಶಂಕರಿವರೆಗೆ ಯಾವ ಸ್ಟ್ಯಾಂಡಲ್ಲಾದರೂ ಅವರ ಫೋಟೋಗೆ ಹಾರ. 1980ರ 'ಆಟೋ ರಾಜ' ಮಾಡಿದ ಮೋಡಿ ಅದು. ಆ ಮನುಷ್ಯ ತೀರಿಕೊಂಡಿದ್ದು 1990ರಲ್ಲಿ. ಇವತ್ತು ಆಟೋ ಓಡಿಸ್ತಿರೋ ಎಷ್ಟೋ ಹುಡುಗರು ಆಮೇಲೆ ಹುಟ್ಟಿದವರು.

ಈಗ ಇಳೀರಿ. (ಮೀಟರ್ ಮೇಲೆ ಎಷ್ಟು ಕೇಳಿದರು ಅನ್ನೋ ವಿಚಾರ ಬೇಡ, ಮೂಡ್ ಹಾಳಾಗುತ್ತೆ.) ಎದುರಿಗಿರೋದು ರಂಗಶಂಕರ. 2004ರಲ್ಲಿ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ್ದು. ಆಟೋದ ಹಿಂದಿನ ಗ್ಲಾಸಲ್ಲಿರೋ ಶಂಕರನೂ ಈ ಬೋರ್ಡಲ್ಲಿರೋ ಶಂಕರನೂ ಒಬ್ಬನೇ. ಅದೇ ಮನುಷ್ಯ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಅನ್ನಿಸ್ಕೊಂಡಿದ್ದು, ಅದೇ ಮನುಷ್ಯ ಕರಾಟೆ ಕಿಂಗ್ ಆಗಿ ಸಿಳ್ಳೆ ಹೊಡೆಸ್ಕೊಂಡಿದ್ದು, ಅದೇ ಮನುಷ್ಯ ಆಗುಂಬೆಗೆ ಹೋಗಿ 'ಮಾಲ್ಗುಡಿ ಡೇಸ್' ಮಾಡಿದ್ದು.

ಆಟೋದವರಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಅವರಿಗೆ ಆ ಮನುಷ್ಯ ಶಂಕ್ರಣ್ಣ, ಮುಗೀತು. ಗೊಂದಲ ಇರೋದು ಆಟೋದಿಂದ ಇಳಿದು ಖಾದಿ ಕುರ್ತಾ ಸರಿಮಾಡ್ಕೊಳ್ಳೋ ನಿಮಗೆ.

ರಂಗಶಂಕರದಲ್ಲಿ ಟೈಮ್ ಅಂದರೆ ಟೈಮ್. ಏಳೂವರೆ ಅಂದರೆ ಏಳೂವರೆ, ಆಮೇಲೆ ಬಾಗಿಲು ತೆಗೆಯಲ್ಲ. ನೀವು ಏಳೂ ಮೂವತ್ತಮೂರಕ್ಕೆ ಬಂದು "ಸಿಲ್ಕ್ ಬೋರ್ಡ್ ಜಾಮು ಮೇಡಂ" ಅಂದರೂ ಇಲ್ಲ. ಆವಾಗ ಏನು ಮಾಡಿದ್ರಿ? ನೇರ ಕೆಫೆಗೆ ಹೋಗಿ ಸಾಬುದಾನಿ ವಡೆ, ಅಕ್ಕಿ ರೊಟ್ಟಿ ತಗೊಂಡು ಕೂತ್ರಿ. ಮಾರನೇ ದಿನ ಆಫೀಸಲ್ಲಿ "ನಿನ್ನೆ ರಂಗಶಂಕರಕ್ಕೆ ಹೋಗಿದ್ದೆ" ಅಂದ್ರಿ. ಸುಳ್ಳಲ್ಲವಲ್ಲ! "ಹೇಗಿತ್ತು?" ಅಂತ ಕೇಳಿದ್ದಕ್ಕೆ "ಕ್ರಿಸ್ಪ್ ಆಗಿತ್ತು" ಅಂದ್ರಿ.

ಜೆ.ಪಿ. ನಗರ ಅಂದಮೇಲೆ ಕಾರ್ನಾಡರು ಬರಲೇಬೇಕು, ಅಲ್ಲೇ ಮನೆ ಮಾಡಿದ್ದವರು. 'ಸಂಸ್ಕಾರ'ದ ಪ್ರಾಣೇಶಾಚಾರ್ಯರು. ನಿಮಗೆ ಅವರು ಅಂದರೆ 'ತುಘಲಕ್', 'ಹಯವದನ', ಗಂಭೀರ. ಆದರೆ 1994ರ ತಮಿಳು 'ಕಾದಲನ್'ನಲ್ಲಿ ಪ್ರಭುದೇವನ ಪ್ರೀತಿಗೆ ಅಡ್ಡ ಬಂದ ವಿಲನ್ ಯಾರು? 2012ರಲ್ಲೂ 2017ರಲ್ಲೂ ಸಲ್ಮಾನ್ ಖಾನ್‌ಗೆ ಬಾಸ್ ಆಗಿ ಕೂತು 'ಟೈಗರ್' ಅನ್ನು ದೇಶ ದೇಶಕ್ಕೆ ಕಳಿಸಿದವರು ಯಾರು? ಚಂದ್ರಿಯನ್ನ ಕಂಡು ತತ್ತರಿಸಿದ ಆಚಾರ್ಯರೇ ಕಣ್ರೀ. ಅವರಿಗೆ ಅದರಲ್ಲಿ ನಾಚಿಕೆ ಕಾಣಿಸಲಿಲ್ಲ. ನಾಚ್ಕೊಂಡು ಚಾನೆಲ್ ಬದಲಾಯಿಸಿದ್ದು ನೀವು.

ಅನಂತನಾಗ್ ಇನ್ನೊಬ್ಬರು. 1975ರ 'ಹಂಸಗೀತೆ'ಯಲ್ಲಿ ಜಿ.ವಿ. ಅಯ್ಯರ್ ಕೈಯಲ್ಲಿ ಸಂಗೀತದ ವೆಂಕಟಸುಬ್ಬಯ್ಯ. 1990ರ 'ಗಣೇಶನ ಮದುವೆ'ಯಲ್ಲಿ ಫಣಿ ರಾಮಚಂದ್ರ ಕೈಯಲ್ಲಿ ವಠಾರದ ಗಣೇಶ. 2018ರ 'ಕೆಜಿಎಫ್'ನಲ್ಲಿ ಕಥೆ ಹೇಳೋ ಪತ್ರಕರ್ತ. ಮೂರಕ್ಕೂ ಅದೇ ಗಂಟಲು, ಅದೇ ಶ್ರದ್ಧೆ. ವಿಷ್ಣುವರ್ಧನ್ ಮೊದಲು ತೆರೆ ಮೇಲೆ ಬಂದಿದ್ದು 'ವಂಶವೃಕ್ಷ'ದಲ್ಲಿ, ಭೈರಪ್ಪನವರ ಕಾದಂಬರಿ, ಕಾರಂತ ಮತ್ತು ಕಾರ್ನಾಡರ ಜೋಡಿ ನಿರ್ದೇಶನ. ಆಮೇಲಷ್ಟೇ 'ನಾಗರಹಾವು', ರಾಮಾಚಾರಿ, ಬಂಡೆ ಮೇಲಿನ ಹಾಡು.

ಅಜ್ಜಿಯಂದಿರ ಪೆಟ್ಟಿಗೆ ತೆಗೆದರಂತೂ ಈ ಆರ್ಟು ಕಮರ್ಷಿಯಲ್ಲು ಗೋಡೆ ಪೂರ್ತಿ ಬಿದ್ದುಹೋಗುತ್ತೆ. ಎಂ.ಕೆ. ಇಂದಿರಾ ಅವರನ್ನು ತಗೊಳ್ಳಿ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನದ ಬಾಡಿಗೆಗೆ ತಂದು, ಒಲೆ ಮುಂದೆ ಓದಿ ಸಾರು ಸೀದುಹೋಗೋಕೆ ಕಾರಣವಾದ ಲೇಖಕಿ. 'ಗೆಜ್ಜೆ ಪೂಜೆ'ಯನ್ನು ಪುಟ್ಟಣ್ಣ ಕಣಗಾಲ್ ತಗೊಂಡರು, ಕಲ್ಪನಾ ಬಂದರು, ಊರೆಲ್ಲ ಕಣ್ಣೀರು. 'ಫಣಿಯಮ್ಮ'ನನ್ನು ಪ್ರೇಮಾ ಕಾರಂತ 1983ರಲ್ಲಿ ತಗೊಂಡರು, ಫಿಲಂ ಸೊಸೈಟಿಯೆಲ್ಲ ಚಪ್ಪಾಳೆ. ನಿಮ್ಮ ಅಜ್ಜಿ ಎರಡನ್ನೂ ಒಂದೇ ಲೈಬ್ರರಿ ಕಾರ್ಡಲ್ಲಿ ಓದಿದ್ದರು. ಅವರು ಯಾವತ್ತಾದರೂ ಲೇಯರ್ಡು ಅಂದ್ರಾ? "ಪಾಪ ಕಣೇ ಆ ಹುಡುಗಿ" ಅಂದರು, ಅಷ್ಟೇ.

ಪುಟ್ಟಣ್ಣ ಅಂದಾಗ ಜಯನಗರ ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸ್ ನೆನಪಾಯ್ತಾ? ಅಲ್ಲೇ ಒಳಗೆ ಪುಟ್ಟಣ್ಣನವರ ಹೆಸರಲ್ಲೇ ಥಿಯೇಟರಿತ್ತು. ಕೆಳಗೆ ತರಕಾರಿ, ಸ್ಟೀಲ್ ಪಾತ್ರೆ, ಬಳೆ ಅಂಗಡಿ, ಕೊತ್ತಂಬರಿ ವಾಸನೆ. ಸಿನಿಮಾ ಬಿಟ್ಟ ತಕ್ಷಣ ನುಗ್ಗೆಕಾಯಿ ತಗೊಂಡು ಮನೆಗೆ ಹೋಗೋ ಸೌಕರ್ಯ ಇನ್ಯಾವ ಥಿಯೇಟರಲ್ಲಿತ್ತು? ಸ್ವಲ್ಪ ದೂರಕ್ಕೆ ನಂದಾ, ಸೌತ್ ಎಂಡ್ ಕಡೆ ಶಾಂತಿ. ಎಲ್ಲ ಹೋದವು.

ಹೋದಾಗ ನೀವು ಬರೆದ ಶ್ರದ್ಧಾಂಜಲಿ ಓದಿ ನಾನೇ ಅತ್ತೆ. 'ನನ್ನ ಬಾಲ್ಯ ಸತ್ತುಹೋಯಿತು' ಅಂತೆಲ್ಲ ಬರೆದಿದ್ರಿ. ಬಾಲ್ಯ ಆದಮೇಲೆ ಎಷ್ಟು ಸಲ ಆ ಬಾಲ್ಕನಿಗೆ ಟಿಕೆಟ್ ತಗೊಂಡಿದ್ರಿ ಅಂತ ಕೇಳಿದರೆ "ಅಲ್ಲಿ ತಿಗಣೆ" ಅಂತೀರಿ. ತಿಗಣೆ ನಿಮ್ಮ ಬಾಲ್ಯದಲ್ಲೂ ಇತ್ತು ಸ್ವಾಮಿ. ಈಗ ಮಾಲ್‌ಗೆ ಹೋಗಿ, ಟಿಕೆಟ್ಟಿಗಿಂತ ಹೆಚ್ಚು ದುಡ್ಡು ಪಾಪ್‌ಕಾರ್ನಿಗೆ ಕೊಟ್ಟು, ಒರಗೋ ಸೀಟಲ್ಲಿ ಕಾಲು ಚಾಚ್ಕೊಂಡು "ಸಿಂಗಲ್ ಸ್ಕ್ರೀನ್ ಮಜಾನೇ ಬೇರೆ" ಅಂತೀರಿ.

ಮಾಧವನ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಬರೋ ಇಬ್ಬರು ಹಿರಿಯರ ಮಾತು ಕೇಳಿ. ನನ್ನ ಹಿಂದಿನ ಬೆಂಚಲ್ಲಿ ಕೂತಿದ್ದರು. (ಕದ್ದು ಕೇಳಲಿಲ್ಲ, ಇಬ್ಬರಿಗೂ ಕಿವಿ ಮಂದ, ಪಾರ್ಕಿಗೆಲ್ಲ ಕೇಳಿಸ್ತಿತ್ತು.)

"ರಾಯರೇ, ಆ 'ಕೆಜಿಎಫ್' ಅಂತೆ, ಬರೀ ಧೂಳು, ಬರೀ ಕತ್ತಲೆ. ನಮ್ ಕಾಲದ ಸಿನಿಮಾ ಎಲ್ಲಿ, ಇದೆಲ್ಲಿ."

"ಹೌದು ಮೂರ್ತಿಗಳೇ, ಕಥೆನೇ ಇಲ್ಲ. ಆ ತಾಯಿ ಸೆಂಟಿಮೆಂಟ್ ಒಂದು ಬಿಟ್ರೆ."

"ತಾಯಿ ಸೆಂಟಿಮೆಂಟ್ ಚೆನ್ನಾಗಿದೆ. ಆ ಸುತ್ತಿಗೆ ಸೀನೂ ಪರವಾಗಿಲ್ಲ."

"ಅದು ಸೆಕೆಂಡ್ ಪಾರ್ಟಲ್ಲೂ ಬರುತ್ತಾ?"

"ನೀವು ನೋಡಿಲ್ವಾ ಅಂದ್ರೆ?"

"ಎರಡು ಸಲ ನೋಡಿದೆ. ಮೊಮ್ಮಗ ಎಳ್ಕೊಂಡು ಹೋದ."

ಮೊಮ್ಮಗ ಎಳ್ಕೊಂಡು ಹೋದ! ಈ ಮಾತಿದೆಯಲ್ಲ, ಇದು ಸೌತ್ ಬೆಂಗಳೂರಿನ ರಾಷ್ಟ್ರಗೀತೆ. ಇಲ್ಲಿ ಯಾರೂ ತಾವಾಗಿ ಮಾಸ್ ಸಿನಿಮಾಕ್ಕೆ ಹೋಗಲ್ಲ. ಯಾರೋ ಎಳ್ಕೊಂಡು ಹೋಗ್ತಾರೆ. ಯಾರೂ ಸೀರಿಯಲ್ ನೋಡಲ್ಲ, ಅತ್ತೆ ನೋಡ್ತಿರ್ತಾರೆ, ನೀವು ಟಿವಿ ಮುಂದೆ ಹಾಗೇ ಪಾಸ್ ಆಗ್ತಿರ್ತೀರಿ. ಪಾಸ್ ಆಗೋರಿಗೆ ಎರಡನೇ ಸೊಸೆಯ ಒಡವೆ ಯಾರು ಕದ್ದಿದ್ದು ಅಂತ ಹೇಗೆ ಗೊತ್ತಾಯ್ತು?

ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಮಾತ್ರ ನೀವು ಒಪ್ಪಿಕೊಂಡು ನೋಡಿದ ಸೀರಿಯಲ್. 1998ರಲ್ಲಿ ಸಂಜೆ ಅದು ಶುರುವಾದರೆ ಜಯನಗರದ ರಸ್ತೆಗಳಲ್ಲಿ ಮಕ್ಕಳ ಕ್ರಿಕೆಟ್ಟಿಗೆ ಅಡ್ಡಿ ಮಾಡೋರೇ ಇರ್ತಿರಲಿಲ್ಲ, ಬೈಯೋ ದೊಡ್ಡವರೆಲ್ಲ ಒಳಗೆ. ಕೋರ್ಟ್ ಸೀನು, ಮಧ್ಯಮವರ್ಗದ ಮನೆ, ಒಳ್ಳೇ ಕನ್ನಡ ಅಂತ ನೀವು ಅದನ್ನ ಸಾಹಿತ್ಯದ ಖಾತೆಗೆ ಹಾಕಿಬಿಟ್ರಿ. ಸರಿ, ಹಾಕ್ಕೊಳ್ಳಿ. ಬಿಗ್ ಬಾಸನ್ನ ಯಾವ ಖಾತೆಗೆ ಹಾಕ್ತೀರಿ? "ಸಮಾಜಶಾಸ್ತ್ರ" ಅಂದ್ರಾ? ನಿಮಗೆ ದೊಡ್ಡ ನಮಸ್ಕಾರ.

ಈಗ ರಾತ್ರಿ ಹನ್ನೊಂದಕ್ಕೆ ಬರ್ತೀನಿ. ದೀಪ ಆರಿಸಿದೀರಿ. ಮೊಬೈಲ್ ಬ್ರೈಟ್‌ನೆಸ್ ಕಡಿಮೆ ಮಾಡಿದೀರಿ. ಕಿವಿಗೆ ಇಯರ್‌ಫೋನು. ಏನು ನೋಡ್ತಿದೀರಿ? ತಾರ್ಕೋವ್‌ಸ್ಕಿ ಅಂತೂ ಅಲ್ಲ. 'ಗಣೇಶನ ಮದುವೆ'. ಪಕ್ಕದ ಪೋರ್ಷನ್ನಿನ ಆದಿಲಕ್ಷ್ಮಿ ಜೊತೆ ಹಗಲೆಲ್ಲ ಜಗಳ ಆಡ್ಕೊಂಡು, ತಾನು ಪತ್ರ ಬರೀತಿರೋ ಗಾಯಕಿ ಶ್ರುತಿ ಅವಳೇ ಅಂತ ಗೊತ್ತಿಲ್ಲದೆ ರಾತ್ರಿಯೆಲ್ಲ ಕರಗೋ ಗಣೇಶ. ಡೈಲಾಗು ಬಾಯಿಪಾಠ ಆಗಿದೆ ನಿಮಗೆ. ಆದರೂ ಹೊಟ್ಟೆ ಕುಲುಕ್ತಿದೆ, ಮಂಚ ಅಲ್ಲಾಡ್ತಿದೆ, ಹೆಂಡತಿ ಎದ್ದು "ಏನ್ರೀ?" ಅಂದರೆ "ಆಫೀಸ್ ಮೇಲ್" ಅಂತೀರಿ. ಆಫೀಸ್ ಮೇಲ್ ನೋಡಿ ಯಾರಾದರೂ ಹಾಗೆ ನಗ್ತಾರಾ?

ನನಗೆ ಕೇಳಿದರೆ, ಗಣೇಶನ ಆ ವಠಾರಕ್ಕೂ ಮೂರ್ತಿರಾಯರಿಗೂ ಭಾರೀ ದೂರವೇನಿಲ್ಲ. ಆ ಹಳೇ ಪ್ರಬಂಧದವರೆಲ್ಲ ಬರೆದಿದ್ದೇನು? ಹಗಲುಗನಸು, ನೆಂಟರು, ಊರಿನ ಬಸ್ಸು, ನೆರೆಮನೆ, ತಮ್ಮ ಸೋಮಾರಿತನ. ಗೊರೂರರಿಗೆ ಹೇಮಾವತಿ ದಂಡೆಯ ಒಂದು ಹಳ್ಳಿ ಸಾಕಾಗಿತ್ತು. ಫ್ರೇಮು, ಥಿಯರಿ, ಕ್ಲಾಸಿಕ್ಕು ಅಂತ ಅವರು ಮೆರೀಲಿಲ್ಲ. ನೀವು ಅವರನ್ನ ಗಾಜಿನೊಳಗೆ ಕೂರಿಸಿ ಕುಂಕುಮ ಇಟ್ಟು, ಓದಿದರೆ ಮೈಲಿಗೆ ಅನ್ನೋ ಹಾಗೆ ಮಾಡಿದೀರಿ.

ಅವರು ಈಗ ಇದ್ದಿದ್ದರೆ ಆರ್.ವಿ. ರೋಡ್ ಮೆಟ್ರೋ ಸ್ಟೇಷನ್ನಿನಲ್ಲಿ ಹಸಿರು ಲೈನಿಂದ ಹಳದಿ ಲೈನಿಗೆ ಬದಲಾಯಿಸುವಾಗ ಒಂದು ಪ್ರಬಂಧ ಮುಗಿಸ್ತಿದ್ದರು. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಂದ ಒಂದು ಸಂಪುಟ. ಅದರಲ್ಲಿ ನೀವೂ ಇರ್ತಿದ್ರಿ: ಬೆಳಗ್ಗೆ ಆರಕ್ಕೆ ಶುಭೋದಯ, ಏಳಕ್ಕೆ ಕಗ್ಗ, ಎಂಟಕ್ಕೆ 'ನನ್ನ ಪಾರ್ಕಿಂಗಲ್ಲಿ ಗಾಡಿ ನಿಲ್ಲಿಸಿದ ಅಯೋಗ್ಯ ಯಾರು?'

ಕೋಪ ಬಂತಾ? ಬರಬಾರದು. ನಿಮ್ಮನ್ನೇ ಯಾಕೆ ಹಿಡ್ಕೊಂಡೆ ಅಂದರೆ, ಜಗಳ ಆಡೋಕಾದರೂ ನಿಮಗೆ ಈ ಹೆಸರುಗಳೆಲ್ಲ ಗೊತ್ತಿವೆ. ವಿದ್ಯಾರ್ಥಿ ಭವನದಲ್ಲಿ ಟೇಬಲ್ ಸಿಗೋವರೆಗೆ ಗೋಡೆ ಮೇಲಿನ ಸಾಹಿತಿಗಳ ಚಿತ್ರ ನೋಡ್ಕೊಂಡು ನಿಂತು, ದೋಸೆ ಬಂದ ಕೂಡಲೇ ಮರೆಯೋ ಜನರಾದರೂ ಇರೋದು ಒಳ್ಳೇದೇ ಅಲ್ವಾ. ನಿಂತಷ್ಟು ಹೊತ್ತು ನೋಡಿದ್ರಲ್ಲ.

ಈಗ ನೀವು ನನ್ನನ್ನ ಕೇಳಬೇಕು ಅಂತ ಕಾಯ್ತಿದೀರಿ, ನನಗೆ ಗೊತ್ತು. "ಇಷ್ಟೆಲ್ಲ ಮಾತಾಡ್ತೀರಲ್ಲ, ನಿಮ್ಮ ಷೋಕೇಸಿನ ಮೂರ್ತಿರಾಯರ ಬಿಲ್ಲು ಎಷ್ಟನೇ ಪುಟದಲ್ಲಿದೆ?" ಒಳ್ಳೇ ಪ್ರಶ್ನೆ. ತುಂಬಾ ಲೇಯರ್ಡ್ ಆದ ಪ್ರಶ್ನೆ. ಹೇಳ್ತಿದ್ದೆ, ಅಷ್ಟರಲ್ಲಿ ಒಳಗಡೆ ಸೀರಿಯಲ್ ಟೈಟಲ್ ಸಾಂಗ್ ಬಂತು. ನಮ್ಮತ್ತೆಗೆ ಕಥೆ ಸರಿಯಾಗಿ ಅರ್ಥ ಆಗಲ್ಲ, ಪಕ್ಕದಲ್ಲಿ ಕೂತು ವಿವರಿಸ್ಬೇಕು, ಬರ್ಲಾ? (ಅತ್ತೆ ಶಿವಮೊಗ್ಗಕ್ಕೆ ಹೋಗಿ ವಾರವಾಯ್ತಲ್ಲ ಅಂತ ಮನೆಯವರು ಏನಾದ್ರೂ ಹೇಳಿದರೆ, ನಂಬಬೇಡಿ.)